ಮಾಳಿಗೆಯ ಭಾರ

ಹಿರಿಯರು ಕಟ್ಟಿಸಿಟ್ಟ ಮನೆಯನ್ನು ಕುರಿತು ನಮ್ಮ ಸಮಾಜದ ಕುಟುಂಬಗಳಲ್ಲಿ ಈಗ ಎರಡೇ ಮಾತು ಕೇಳಿಬರುತ್ತವೆ. ಕೆಡವಿ ಸ್ಲ್ಯಾಬ್ ಹಾಕಿಸೋಣ ಎಂಬುದು ಒಂದು. ಹಿರಿಯರ ನೆನಪು, ಇದ್ದ ಹಾಗೆಯೇ ಇರಲಿ ಎಂಬುದು ಇನ್ನೊಂದು. ಮೊದಲನೆಯದನ್ನು ಮಕ್ಕಳು ಆಡುತ್ತಾರೆ, ಎರಡನೆಯದನ್ನು ನಮ್ಮಂಥ ಅರವತ್ತು ದಾಟಿದವರು ಆಡುತ್ತಾರೆ. ಆದರೆ ಇದ್ದ ಹಾಗೆಯೇ ಇರಲಿ ಎನ್ನುವವರು ಬಹುಮಟ್ಟಿಗೆ ಆ ಮನೆಯಲ್ಲಿ ವಾಸವಾಗಿರುವುದಿಲ್ಲ. ಇದನ್ನು ನಾವು ಪರರನ್ನು ನೋಡಿ ಅರಿಯಲಿಲ್ಲ, ನಮ್ಮನ್ನು ನೋಡಿಕೊಂಡು ಅರಿತೆವು. ಔರಾದ ತಾಲೂಕಿನ ನಮ್ಮ ಹಳ್ಳಿಯ ಮನೆಯನ್ನೂ ಅದರ ಹಿತ್ತಲನ್ನೂ ದುರಸ್ತಿಗೊಳಿಸಿದ ಸಂಗತಿಯನ್ನು ವಾಚಕ ಬಂಧುಗಳ ಮುಂದಿಡುವುದಕ್ಕೆ ಆ ಅರಿವೇ ಕಾರಣ.

ಮನೆಯನ್ನು ಕಟ್ಟಿಸಿದವರು ನಮ್ಮ ಅಜ್ಜನವರು, ನಿಜಾಮರ ಆಳ್ವಿಕೆಯ ಕಾಲದಲ್ಲಿ. ಬೀದರ ನಗರದ ಹಳೆಯ ಮನೆಗಳು ಕೆಂಪು ಜಂಬಿಟ್ಟಿಗೆ ಕಲ್ಲಿನವು. ಆ ನಗರ ನಿಂತಿರುವ ಪ್ರಸ್ಥಭೂಮಿಯೇ ಆ ಕಲ್ಲಿನದು. ಅಲ್ಲಿಂದ ಇಳಿದು ಭಾಲ್ಕಿ, ಔರಾದ ಕಡೆಗೆ ಬಂದರೆ ಎರೆಮಣ್ಣಿನ ಸೀಮೆ, ಅದರಡಿಯಲ್ಲಿ ಕರಿಕಲ್ಲು. ಆದುದರಿಂದ ನಮ್ಮ ಮನೆಯ ಗೋಡೆಗಳು ಕರಿಕಲ್ಲಿನವು, ಎರಡೂವರೆ ಅಡಿ ದಪ್ಪನೆಯವು, ಮಣ್ಣಿನ ಕೆಸರಿನಲ್ಲಿ ಕಟ್ಟಿದವು. ತಲಬಾಗಿಲು ದಾಟಿದರೆ ಅಂಗಳ, ಅಂಗಳದ ಮೇಲೆ ಪಡಸಾಲೆ, ಒಳಗೆ ಲಿಂಗಪೂಜೆಯ ಕೋಣೆ, ಅಡಿಗೆಯ ಮನೆ, ಹಿಂದೆ ಬಾವಿಯಿರುವ ಹಿತ್ತಲು. ಸಾಗುವಾನಿಯ ಕಂಬಗಳ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ ಹಲಗೆಗಳು, ಇವೆಲ್ಲದರ ಮೇಲೆ ಬಿಳಿಮಣ್ಣಿನ ಮಾಳಿಗೆ. ಬೇಸಿಗೆಯ ಉರಿಬಿಸಿಲಿನಲ್ಲಿ ಹೊಲದಿಂದ ಬಂದು ಪಡಸಾಲೆಯಲ್ಲಿ ಕುಳಿತರೆ ಬಾವಿಯ ಮೆಟ್ಟಿಲಲ್ಲಿ ಕುಳಿತಷ್ಟು ತಂಪು. ಅಮರೇಶ್ವರನ ಜಾತ್ರೆಗೆ ಔರಾದಕ್ಕೆ ನಡೆದು ಹೋಗುವವರು ಆ ಪಡಸಾಲೆಯಲ್ಲಿ ಉಂಡು ಅಡ್ಡಾಗಿ, ಬಿಸಿಲು ಇಳಿದ ಮೇಲೆ ಮುಂದೆ ಹೊರಡುತ್ತಿದ್ದುದನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ.

ಮೃಗಶಿರ ಮಳೆಗೆ ನಮ್ಮ ಕಡೆ ಮಿರಗ ಎನ್ನುತ್ತಾರೆ. ಮಿರಗ ಕೂಡುವ ಮುನ್ನ ಪ್ರತಿವರ್ಷ ಮಾಳಿಗೆಗೆ ಹೊಸ ಮಣ್ಣು ಹಾಕಿಸುವುದು ತಂದೆಯವರ ನೇಮವಾಗಿತ್ತು. ಸೋರಿದ ಕಡೆ ಮಣ್ಣು, ಸೋರದಿದ್ದರೂ ಸೋರಬಾರದೆಂದು ಮಣ್ಣು. ಊರಿನಲ್ಲಿ ಎಲ್ಲರ ಮಾಳಿಗೆಗಿಂತ ನಮ್ಮ ಮಾಳಿಗೆ ದಪ್ಪ ಎಂಬುದು ಅವರಿಗೆ ಅಭಿಮಾನದ ಸಂಗತಿ. ಬೇಸಿಗೆಯ ಬಿಡುವಿಗೆ ಊರಿಗೆ ಬಂದಾಗ ನಾವೂ ಬುಟ್ಟಿ ಹೊತ್ತು ಏಣಿ ಏರಿದ್ದೇವೆ.

ನಮ್ಮ ವಿದ್ಯಾಭ್ಯಾಸ ನಡೆದದ್ದು ಭಾಲ್ಕಿಯ ಹಿರೇಮಠದ ಆಶ್ರಯದಲ್ಲಿ. ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು (1890-1999) ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಹಲಗೆ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಸೀಮೆಯ ಮಕ್ಕಳಿಗೂ ಗೊತ್ತು. ಹೊರಮೈ ಕಾಲಕ್ಕೆ ತಕ್ಕಂತೆ ಇರಲಿ, ಒಳಗಿನ ಹುರುಳು ಕೆಡಬಾರದು ಎಂಬ ಪಾಠವನ್ನು ಅದರಿಂದ ನಾವು ಕಲಿತೆವು. ಮಠದಲ್ಲಿ ಇನ್ನೂ ಒಂದು ಪಾಠವಿತ್ತು. ನಸುಕಿನಲ್ಲಿ ಕಸ ಗುಡಿಸದೆ, ಗಿಡಗಳಿಗೆ ನೀರು ಹಾಕದೆ ಓದಿಗೆ ಕುಳಿತುಕೊಳ್ಳುವಂತಿರಲಿಲ್ಲ. ಮೊದಲನೆಯ ಪಾಠವನ್ನು ನಾವು ಜೀವಮಾನವಿಡೀ ವೇದಿಕೆಗಳ ಮೇಲೆ ಹೇಳಿದೆವು. ಎರಡನೆಯದನ್ನು ಮಠದ ಬಾಗಿಲಲ್ಲಿಯೇ ಬಿಟ್ಟುಬಂದೆವು. ಓದು ಮುಗಿಸಿ ಬಂದ ನಮಗಾಗಿ ತಂದೆಯವರು ಮನೆಯ ಹಿಂಬದಿಗೆ ಒಂದು ಕೋಣೆ ಕಟ್ಟಿಸಿದರು. ಮಗ ಓದಬೇಕು, ಬರೆಯಬೇಕು ಎಂಬುದು ಅವರ ಆಸೆ. ಅವಸರದ ಕೆಲಸವಾದುದರಿಂದ ಕಂಬ ನಿಲ್ಲಿಸದೆ ತೊಲೆಗಳನ್ನು ನೇರವಾಗಿ ಗೋಡೆಯ ಮೇಲೆಯೇ ಕೂಡಿಸಿದ್ದರು. ನಾವು ಅಲ್ಲಿ ಕೆಲವೇ ವರ್ಷ ಓದಿದೆವು. ಆಮೇಲೆ ಅಧ್ಯಾಪನಕ್ಕೆಂದು ಬೀದರ ಸೇರಿದೆವು. ತಂದೆಯವರು 1986ರಲ್ಲಿ ಲಿಂಗೈಕ್ಯರಾದರು. ಮನೆಯಲ್ಲಿ ಅಣ್ಣನವರು, ಅತ್ತಿಗೆಯವರು ಮತ್ತು ಅವರ ಮಗ ಉಳಿದರು.

1993ರ ಸೆಪ್ಟೆಂಬರ 30ರ ನಸುಕಿನಲ್ಲಿ, 4 ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಗಣೇಶ ವಿಸರ್ಜನೆ ಮುಗಿಸಿ ಜನ ಗಾಢನಿದ್ರೆಯಲ್ಲಿದ್ದ ಹೊತ್ತು. ಸತ್ತವರ ಸಂಖ್ಯೆ ಹತ್ತು ಸಾವಿರದ ಸಮೀಪ ಹೋಯಿತು. ಆಗಿನ ಭೂಕಂಪದ ನಕ್ಷೆಯಲ್ಲಿ ಆ ಪ್ರದೇಶ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿತ್ತು. ನಮ್ಮ ಹಳ್ಳಿಗೂ ಕಿಲ್ಲಾರಿಗೂ ಸುಮಾರು ನೂರು ಕಿಲೋಮೀಟರು. ನಮ್ಮ ಮನೆಯಲ್ಲಿ ನಾಗೊಂದಿಗೆಯ ಮೇಲಿನ ಪಾತ್ರೆಗಳು ಉರುಳಿದವು, ಜಂತಿಯ ಸಂದಿಯಿಂದ ಮಣ್ಣು ಉದುರಿತು, ಹಿಂದಿನ ಓದಿನ ಕೋಣೆಯ ಗೋಡೆ ಹೊಟ್ಟೆ ಬಿಟ್ಟಿತು. ಅಷ್ಟೇ ಎಂದುಕೊಂಡೆವು.

ಅಷ್ಟೇ ಆಗಿರಲಿಲ್ಲ. ಅತ್ತಿಗೆಯವರ ತವರು ಔಸಾ ತಾಲೂಕಿನ ಒಂದು ಹಳ್ಳಿ. ಅವರ ತಾಯಿಯೂ ತಮ್ಮನೂ ತಮ್ಮ ಮನೆಯ ಮಾಳಿಗೆಯ ಅಡಿಯಲ್ಲಿ ಸಿಕ್ಕಿ ಹೋದರು. ಮೂರನೆಯ ದಿನ ಮಣ್ಣು ತೆಗೆದವರೊಡನೆ ಅತ್ತಿಗೆಯವರೂ ಇದ್ದರು. ತಿರುಗಿ ಬಂದ ರಾತ್ರಿ ಅವರು ಅಂಗಳದಲ್ಲಿ ಚಾಪೆ ಹಾಸಿದರು. ಆ ಚಾಪೆ ಮತ್ತೆ ಒಳಗೆ ಹೋಗಲಿಲ್ಲ. ಮಳೆಗಾಲದಲ್ಲಿ ಕಟ್ಟೆಯ ಮೇಲೆ ತಗಡಿನ ಮರೆ, ಚಳಿಗಾಲದಲ್ಲಿ ಎರಡು ಕೌದಿ. ಹಗಲೆಲ್ಲ ಒಳಗೆ ಅಡಿಗೆ, ಪೂಜೆ, ಮನೆಗೆಲಸ. ದೀಪ ಹಚ್ಚಿದ ಮೇಲೆ ಹೊರಗೆ. ಮಾಳಿಗೆಯ ಭಾರ ಇಳಿಸಬೇಕೆಂದು ಅಣ್ಣನವರು ನಮಗೆ ಹೇಳಿಕಳಿಸಿದರು. ಬೀದರದಿಂದ ತಿಳಿದವರನ್ನು ಕರೆತರುತ್ತೇವೆ ಎಂದು ನಾವು ಒಪ್ಪಿಕೊಂಡೆವು. ಆ ವರ್ಷ ಉಪನ್ಯಾಸಗಳಿದ್ದವು, ಮರುವರ್ಷ ಗ್ರಂಥವೊಂದರ ಸಂಪಾದನೆಯಿತ್ತು. ಅಣ್ಣನವರು 2009ರಲ್ಲಿ ಲಿಂಗೈಕ್ಯರಾದರು. ನಾವು ಯಾರನ್ನೂ ಕರೆತಂದಿರಲಿಲ್ಲ.

2021ರ ಅಕ್ಟೋಬರದಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನಲ್ಲಿ ನೆಲ ಮೇಲಿಂದ ಮೇಲೆ ಕಂಪಿಸಿತು. ಪುಣೆಯಲ್ಲಿ ಉದ್ಯೋಗದಲ್ಲಿರುವ ಅಣ್ಣನ ಮಗ ಸುದ್ದಿ ಕೇಳಿದೊಡನೆ ಹೊರಟುಬಂದ. ಮನೆ ಕೆಡವುವುದೆಂದು ನಿಶ್ಚಯಿಸಿಯೇ ಬಂದಿದ್ದ. ನಾವು ಅವನನ್ನು ಬೀದರ ಕೋಟೆಗೆ ಕರೆದೊಯ್ದೆವು. ಬರೀದಶಾಹಿಯ ಕಾಲದ ರಂಗೀನ ಮಹಲಿನಲ್ಲಿ ಕಲ್ಲಿನ ಪೀಠಗಳ ಮೇಲೆ ನಿಂತ ಕೆತ್ತನೆಯ ಮರದ ಕಂಬಗಳನ್ನು ತೋರಿಸಿ, ನಾಲ್ಕು ನೂರು ವರ್ಷಗಳಿಗೂ ಮೇಲ್ಪಟ್ಟು ಇವು ಭಾರ ಹೊತ್ತು ನಿಂತಿವೆ, ನಮ್ಮ ಮನೆಯ ಕಂಬಗಳದೂ ಇದೇ ಕುಲ ಎಂದೆವು. ಅವನು ವಿನಯದಿಂದಲೇ ಕೇಳಿಕೊಂಡ. ಆಮೇಲೆ ಹೇಳಿದ: “ಕಾಕಾ, ನಿಮ್ಮ ವಿಚಾರ ಚಲೋ ಅದ. ಖರೆ, ಅವ್ವ ಆ ಮನಿಯೊಳಗ ಮಲಗತಾಳೇನು? ಅದೊಂದು ಹೇಳ್ರಿ.”

ನಮ್ಮಲ್ಲಿ ಉತ್ತರವಿರಲಿಲ್ಲ. ನಲವತ್ತು ವರ್ಷ ಪರೀಕ್ಷೆಯ ಪ್ರಶ್ನೆ ತೆಗೆದ ನಮಗೆ ಸರಿಯಾದ ಪ್ರಶ್ನೆ ಯಾವುದೆಂಬುದು ಅಂದು ತಿಳಿಯಿತು. ಮನೆ ಹಳೆಯದೋ ಹೊಸದೋ ಎಂಬುದಲ್ಲ. ಅದರೊಳಗಿರುವವರು ನಿಶ್ಚಿಂತೆಯಿಂದ ಕಣ್ಣು ಮುಚ್ಚಬಲ್ಲರೇ ಎಂಬುದು.

ಬೀದರದಲ್ಲಿ ನಮಗೆ ಪರಿಚಿತರಾದ ನಿವೃತ್ತ ಇಂಜಿನಿಯರೊಬ್ಬರಿದ್ದಾರೆ. ತರುಣರಾಗಿದ್ದಾಗ ಲಾತೂರ ಕಡೆಯ ಪುನರ್ವಸತಿ ಕೆಲಸದಲ್ಲಿ ದುಡಿದವರು. ಇಪ್ಪತ್ತೆಂಟು ವರ್ಷ ತಡವಾಗಿ ಅವರನ್ನು ಊರಿಗೆ ಕರೆದೊಯ್ದೆವು. ಅವರು ಹಿಂಬದಿಯ ಗೋಡೆಯ ನಾಲ್ಕು ಕಲ್ಲು ತೆಗೆಸಿ ನಮ್ಮಿಬ್ಬರಿಗೂ ತೋರಿಸಿದರು. ದಪ್ಪ ಗೋಡೆ ಎಂದು ನಾವು ನಂಬಿದ್ದು ವಾಸ್ತವದಲ್ಲಿ ಎರಡು ತೆಳು ಗೋಡೆಗಳು. ಒಳಮೈಯದೊಂದು, ಹೊರಮೈಯದೊಂದು, ನಡುವೆ ಚೂರುಕಲ್ಲು ಮತ್ತು ಮಣ್ಣಿನ ತುಂಬು. ಎರಡನ್ನೂ ಹಿಡಿದಿಡುವ ಉದ್ದಗಲ್ಲು ಎಲ್ಲಿಯೂ ಇಲ್ಲ. ನೆಲ ನಡುಗಿದಾಗ ಈ ಎರಡು ಮೈಗಳು ಬೇರ್ಪಟ್ಟು ಉಬ್ಬುತ್ತವೆ, ಉದುರುತ್ತವೆ. ಗೋಡೆಯನ್ನೇ ನಂಬಿದ ಮಾಳಿಗೆ ಅದರ ಹಿಂದೆಯೇ ಕೆಳಗಿಳಿಯುತ್ತದೆ. ಕಿಲ್ಲಾರಿಯ ಸುತ್ತ ಜೀವ ತೆಗೆದದ್ದು ಮುಖ್ಯವಾಗಿ ಈ ಕಲ್ಲು ಮತ್ತು ಮೇಲಿನಿಂದ ಬಿದ್ದ ಮಣ್ಣು. ಮರದ ಕಂಬಗಳೇ ಮಾಳಿಗೆಯನ್ನು ಹೊತ್ತಿದ್ದ ಎಷ್ಟೋ ಮನೆಗಳಲ್ಲಿ ಗೋಡೆ ಬಿದ್ದರೂ ಮರದ ಚೌಕಟ್ಟು ನಿಂತಿತ್ತು ಎಂದೂ ಅವರು ಹೇಳಿದರು.

ಹಾಗಾದರೆ ಸ್ಲ್ಯಾಬ್ ಹಾಕಿಸಿದರೆ ಹೇಗೆ ಎಂದು ಹುಡುಗ ಕೇಳಿದ. ತಳಪಾಯದಿಂದ ಕಂಬ, ತೊಲೆ ಎಲ್ಲವನ್ನೂ ಕ್ರಮವಾಗಿ ಎಬ್ಬಿಸಿ ಕಟ್ಟುವುದಾದರೆ ಅಡ್ಡಿಯಿಲ್ಲ ಎಂದರು. “ಇದೇ ಮಣ್ಣಿನ ಗೋಡೆಯ ಮೇಲೆ ಸ್ಲ್ಯಾಬ್ ಕೂಡಿಸಿದರೆ ಹಳೆಯ ಭಾರಕ್ಕೆ ಹೊಸ ಹೆಸರು ಇಟ್ಟಂತೆ, ಅಷ್ಟೇ” ಎಂದೂ ಸೇರಿಸಿದರು. ಕಿಲ್ಲಾರಿಯ ಭಯದಿಂದ ನಮ್ಮ ಸೀಮೆಯಲ್ಲಿ ಅಂಥ ಮನೆಗಳೂ ಎದ್ದಿವೆ. ಅವುಗಳಲ್ಲಿ ಮಲಗಿದವರು ಧೈರ್ಯದಿಂದ ಮಲಗಿದ್ದಾರೆ. ಆ ಧೈರ್ಯಕ್ಕೆ ಆಧಾರವಿಲ್ಲ.

ಲೆಕ್ಕ ಹಾಕಿದಾಗ ದುರಸ್ತಿಯ ವೆಚ್ಚ ಹೊಸ ಮನೆಯ ಅರ್ಧಕ್ಕಿಂತ ಕಡಿಮೆಯಾಯಿತು. 2022ರ ಜನವರಿಯಲ್ಲಿ ಸಂಕ್ರಮಣ ಮುಗಿಸಿ ಕೆಲಸ ಹಿಡಿದೆವು. ಮೊದಲು ಏರಿದ್ದು ಮಾಳಿಗೆಗೆ. ಗೌಂಡಿ ಒಂದು ಬದಿಯಿಂದ ನೆಟ್ಟಗೆ ಕಡಿದು ತೋರಿಸಿದಾಗ ಮಣ್ಣಿನ ದಪ್ಪ ಎರಡೂವರೆ ಅಡಿ! ಪದರ ಪದರವಾಗಿ ವರ್ಷಗಳ ಲೆಕ್ಕ ಕಾಣುತ್ತಿತ್ತು. ತಳದ ಗಟ್ಟಿಪದರ ಅಜ್ಜನವರದು, ಅದರ ಮೇಲಿನವು ತಂದೆಯವರವು, ಮೇಲ್ಗಡೆಯವು ಅಣ್ಣನವರವು. ನಾವು ಬುಟ್ಟಿಯಲ್ಲಿ ಹೊತ್ತು ಹಾಕಿದ ಮಣ್ಣೂ ಅದರಲ್ಲಿ ಎಲ್ಲಿಯೋ ಇತ್ತು. 30 ಅಡಿ ಉದ್ದ, 24 ಅಡಿ ಅಗಲದ ಆ ಮಾಳಿಗೆಯಲ್ಲಿ ಕಟ್ಟಕಡೆಗೆ ಎಂಟು ಅಂಗುಲ ಮಾತ್ರ ಉಳಿಸುವುದೆಂದಾಯಿತು. ತೆಗೆದ ಮಣ್ಣು 1,300 ಘನ ಅಡಿಗೂ ಹೆಚ್ಚು; ಘನ ಅಡಿಗೆ 45 ಕಿಲೋ ಹಿಡಿದರೂ 60 ಟನ್ನಿನ ಆಸುಪಾಸು. ಅಷ್ಟು ಭಾರದ ಅಡಿಯಲ್ಲಿ ನಾವು ಹುಟ್ಟಿದೆವು, ಉಂಡೆವು, ಪೂಜೆ ಮಾಡಿದೆವು.

ತಂದೆಯವರು ಹೀಗೇಕೆ ಮಾಡಿದರೋ ಎಂದು ನಾವು ಬೇಸರದಿಂದ ನುಡಿದೆವು, ಮಣ್ಣನ್ನೂ ಶಪಿಸಿದೆವು. ಮಣ್ಣಿನಿಂದ ತವರನ್ನು ಕಳೆದುಕೊಂಡ ಅತ್ತಿಗೆಯವರು ಅಲ್ಲಿಯೇ ನಿಂತಿದ್ದರು. “ತಮ್ಮಾ, ಮಣ್ಣಿಗಿ ಯಾಕ ಬೈತಿ? ಮಣ್ಣು ತಾನಾಗಿ ಮ್ಯಾಲ ಏರಿಲ್ಲ, ನಾವೇ ಏರಿಸೀವಿ. ಒಮ್ಮೆರ ಇಳಿಸಬೇಕು ಅಂತ ಯಾರಿಗೂ ಹೊಳೀಲಿಲ್ಲ” ಎಂದರು. ನಮ್ಮ ಗ್ರಂಥಭಂಡಾರದಲ್ಲಿ ಇಷ್ಟು ಸರಳವಾಗಿ ಇದನ್ನು ಹೇಳಿದ ಪುಟ ನಮಗೆ ನೆನಪಾಗಲಿಲ್ಲ. ತಂದೆಯವರು ಹಾಕಿಸಿದ್ದು ಮನೆಯವರ ಮೇಲಿನ ಪ್ರೀತಿಯಿಂದಲೇ. ಪ್ರತಿವರ್ಷದ ಒಂದು ಬುಟ್ಟಿ ತಪ್ಪಲ್ಲ. ಹಳೆಯದನ್ನು ಕೆರೆಯದೆ ಹೊಸದನ್ನು ಹಾಕುತ್ತ ಹೋದದ್ದು ತಪ್ಪು.

ಭಾರ ಇಳಿದ ಮೇಲೆ ಮರಗೆಲಸ ನಡೆಯಿತು. ಎರಡು ಕಂಬಗಳ ಬುಡವನ್ನು ಗೆದ್ದಲು ತಿಂದಿತ್ತು. ಬಡಿಗೇರರು ಕೊಳೆತ ಭಾಗ ಕತ್ತರಿಸಿ ಹೊಸ ಸಾಗುವಾನಿಯನ್ನು ಬೆಸೆದರು, ಕೆಳಗೆ ಎತ್ತರದ ಕಲ್ಲು ಕೊಟ್ಟರು. ಕಂಬವೂ ತೊಲೆಯೂ ಕೂಡುವ ಪ್ರತಿ ಮೂಲೆಯಲ್ಲಿ ಓರೆಯಾಗಿ ಆಸರೆಯ ಮರ ಕೂಡಿಸಿದರು. ನಡುಕ ಬಂದಾಗ ಚೌಕಟ್ಟು ವಾಲದಂತೆ ತಡೆಯುವವು ಅವೇ. ಗೋಡೆಗೆ ಎರಡು ಅಡಿ ಎತ್ತರಕ್ಕೊಂದು, ನಾಲ್ಕು ಅಡಿ ಅಂತರಕ್ಕೊಂದರಂತೆ ಆರಪಾರ ರಂಧ್ರ ಮಾಡಿ, ಕೊಕ್ಕೆಯ ಸಲಾಕೆ ಇಟ್ಟು ಕಾಂಕ್ರೀಟು ತುಂಬಿದರು. ಎರಡೂ ಮೈಗಳಲ್ಲಿ ತಲೆ ದಪ್ಪ, ನಡು ಕಿರಿದು, ಡಮರುವಿನ ಆಕಾರ. ಇದು ಗೋಡೆಯ ಎರಡು ಮೈಗಳನ್ನು ಕೈಹಿಡಿಸಿ ನಿಲ್ಲಿಸುವ ಉಪಾಯ. ಮಾಳಿಗೆಯ ಮಟ್ಟದಲ್ಲಿ ಮನೆಯ ಸುತ್ತ ಸಲಾಕೆಯುಳ್ಳ ಕಾಂಕ್ರೀಟಿನ ಪಟ್ಟಿ ಹಾಯಿಸಿದರು. “ಮನಿಗಿ ಉಡಿದಾರ ಕಟ್ಟಿದಂಗ ಆತ್ರಿ” ಎಂದ ಗೌಂಡಿ. ಎಂಟು ಅಂಗುಲದ ಮಣ್ಣಿನ ಅಡಿಯಲ್ಲಿ ನೀರು ಇಳಿಯದಂತೆ ಪಾಲಿಥಿನ್ ಹಾಳೆ ಹಾಸಿದೆವು. ಇನ್ನು ಸೋರುವ ಭಯಕ್ಕೆ ಮಣ್ಣು ಹೇರುವ ಅಗತ್ಯವಿಲ್ಲ.

ನಮ್ಮದೇ ಒಂದು ಅಪರಾಧವನ್ನೂ ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ, ಮಾಡಬೇಕಾದ್ದನ್ನು ಮಾಡದೆ, ಮನೆ ಅಂದವಾಗಿ ಕಾಣಲೆಂದು ಪಡಸಾಲೆಯ ಗೋಡೆಗೆ ಸಿಮೆಂಟು ಬಳಿಸಿದ್ದೆವು. ಮಣ್ಣಿನ ಗೋಡೆಯ ತೇವ ಹೊರಬರಲು ದಾರಿಯಿಲ್ಲದೆ ಒಳಗೇ ನಿಂತು ಕೆಸರು ಸಡಿಲಾಗಿತ್ತು. ಅದನ್ನೆಲ್ಲ ಕೆರೆದು ಸುಣ್ಣದ ಗಾರೆ ಮಾಡಿಸಬೇಕಾಯಿತು. ಗೋಡೆಗೂ ಉಸಿರಾಡುವುದಿರುತ್ತದೆ.

ಕಷ್ಟವಾದದ್ದು ಹಿಂದಿನ ಓದಿನ ಕೋಣೆ. ಅದಕ್ಕೆ ಕಂಬಗಳಿಲ್ಲ, ಗೋಡೆ ಹೊಟ್ಟೆ ಬಿಟ್ಟಿದೆ. ಗೋಡೆಯ ಬಿರುಕಿನಲ್ಲಿ ಹಕ್ಕಿಗಳು ಬಿತ್ತಿದ ಅರಳಿಯ ಸಸಿ ಬೇರಿಳಿಸಿದೆ. ಇದನ್ನು ಉಳಿಸಲಾಗದು ಎಂದರು ಇಂಜಿನಿಯರರು. ತಂದೆಯವರು ನಮಗಾಗಿಯೇ ಕಟ್ಟಿಸಿದ ಕೋಣೆ. ಇಡೀ ಮನೆಯನ್ನು ಕೆಡವಬಾರದೆಂದು ವಾದಿಸಿದ ನಾವು ಆ ಒಂದು ಕೋಣೆಗೆ ಹೂಂ ಎನ್ನಲು ಹದಿನೈದು ದಿನ ತೆಗೆದುಕೊಂಡೆವು. ಉಳಿಸುವುದೆಂದರೆ ಎಲ್ಲವನ್ನೂ ಉಳಿಸುವುದಲ್ಲ. ಯಾವುದು ಭಾರ ಹೊರುತ್ತದೆ, ಯಾವುದು ಭಾರವಾಗಿದೆ ಎಂದು ಬೇರ್ಪಡಿಸುವುದು. ಕೋಣೆ ಇಳಿಯಿತು. ಅರಳಿಯ ಸಸಿಯನ್ನು ಕಡಿಯಲು ಯಾರೂ ಒಪ್ಪಲಿಲ್ಲ. ಬೇರುಸಹಿತ ಬಿಡಿಸಿ ಕೆರೆಯ ದಂಡೆಯಲ್ಲಿ ನೆಟ್ಟೆವು. ಕೋಣೆಯ ಕಲ್ಲುಗಳು ಬಾವಿಯ ಕಟ್ಟೆಗೆ ಬಂದವು, ಅದರ ನೆಲ ಹಿತ್ತಲಿಗೆ ಸೇರಿತು.

ಹಿತ್ತಲಿನ ಸ್ಥಿತಿಯೂ ಮನೆಯಂತೆಯೇ ಇತ್ತು. ಜಾಲಿ ಬೆಳೆದು ಬಾವಿಯ ದಾರಿ ಮುಚ್ಚಿತ್ತು. ತಾಯಿಯವರು ನೆಟ್ಟ ಬಿಲ್ವ ಮತ್ತು ಒಂದು ಬೇವು ಮಾತ್ರ ಉಳಿದಿದ್ದವು. ಮಾಳಿಗೆಯಿಂದ ಇಳಿದ ಹದಿನಾರು ಟ್ರಾಲಿ ಮಣ್ಣನ್ನು ಏನು ಮಾಡುವುದೆಂಬ ಚಿಂತೆ ನಮಗೆ. ಹಳೆಯ ಮನೆಯ ಮಣ್ಣು ಹೊಲಕ್ಕೆ ಗೊಬ್ಬರ ಎಂದು ನಮ್ಮ ರೈತರು ಬಲ್ಲರು. ಅತ್ತಿಗೆಯವರೇ ದಾರಿ ಹೇಳಿದರು. ಮೊದಲು ಒಂದು ಮಡಿಯಲ್ಲಿ ಕಲಸಿ ಮೆಂತ್ಯ ಬಿತ್ತಿ ನೋಡಿದರು. ಮೊಳಕೆ ಸೊಗಸಾಗಿ ಬಂದ ಮೇಲೆ ಉಳಿದ ಹಿತ್ತಲಿಗೆ ಹರಡಿದೆವು, ಮಿಕ್ಕದ್ದು ಹೊಲಕ್ಕೆ ಹೋಯಿತು. ಮಳೆಗೆ ಅಂಟಾಗಿ ಬೇಸಿಗೆಗೆ ಬಿರಿಯುವ ಎರೆಮಣ್ಣು ಅದರೊಡನೆ ಬೆರೆತು ಸಡಿಲಾಯಿತು. ಈಗ ಅಲ್ಲಿ ನುಗ್ಗೆ, ಕರಿಬೇವು, ಪೇರಲ, ಸೀತಾಫಲ, ಪೂಜೆಗೆ ಕಣಗಿಲೆ ಮತ್ತು ದುಂಡುಮಲ್ಲಿಗೆ, ಬಚ್ಚಲ ನೀರಿಗೆ ಬಾಳೆ ಇವೆ.

ನೀರಿನ ಮಾತನ್ನೂ ಮರೆಯಲಾಗದು. 2016ರ ಬೇಸಿಗೆಯಲ್ಲಿ ನೆರೆಯ ಲಾತೂರ ನಗರಕ್ಕೆ ರೈಲಿನಲ್ಲಿ ನೀರು ತಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಬೀದರಕ್ಕೆ ಹೊಂದಿದ ನೌಬಾದಿನಲ್ಲಿ ಬಹಮನಿಯರ ಕಾಲದ ಕಾರೇಜು ಇದೆ. ನೆಲದಡಿಯ ಕಾಲುವೆ, ಅಲ್ಲಲ್ಲಿ ಮೇಲಕ್ಕೆ ಬಾಯಿ ತೆರೆದ ಬಾವಿಗಳು. ಜಂಬಿಟ್ಟಿಗೆಯಲ್ಲಿ ಇಂಗಿದ ನೀರನ್ನು ಹಿಡಿದು ತರುವ ಜಾಣ್ಮೆ. ಅಷ್ಟು ದೊಡ್ಡ ಕೆಲಸ ನಮ್ಮಿಂದಾಗದು. ಆದರೆ ವರ್ಷಕ್ಕೆ 800 ಮಿಲಿಮೀಟರಿಗೆ ಮೇಲ್ಪಟ್ಟು ಮಳೆಯಾಗುವ ಜಿಲ್ಲೆಯಲ್ಲಿ ನಮ್ಮ ಮಾಳಿಗೆಯೊಂದರ ಮೇಲೆಯೇ 50,000 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಮೊದಲು ಅದು ದೋಣಿಗಳಿಂದ ಗೋಡೆಯ ಬುಡಕ್ಕೇ ಬಿದ್ದು ತಳಪಾಯವನ್ನು ಮೆತ್ತಗೆ ಮಾಡುತ್ತಿತ್ತು. ಈಗ ಕೊಳವೆಯಿಂದ ಉಸುಕಿನ ಗುಂಡಿಗೆ ಇಳಿದು, ಸೋಸಿ, ಬಾವಿ ಸೇರುತ್ತದೆ. ಮನೆಯನ್ನು ಕೆಡಿಸುತ್ತಿದ್ದ ಮಣ್ಣೂ ನೀರೂ ಹಿತ್ತಲನ್ನು ಬದುಕಿಸಿದವು.

ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಊರಿನಲ್ಲಿಯೂ ಇಂಥ ಮನೆಯೊಂದಿದ್ದು, ಅದರಲ್ಲಿ ವೃದ್ಧರಾದ ತಾಯಿಯೋ ಅತ್ತಿಗೆಯೋ ಇದ್ದರೆ, ಮುಂದಿನ ಮಿರಗಕ್ಕೆ ಮುನ್ನ ಒಮ್ಮೆ ಹೋಗಿ ಮಾಳಿಗೆಯ ದಪ್ಪ ಅಳೆಯಿರಿ. ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಇಳಿಸಿರಿ. ತೊಲೆ ಗೋಡೆ ಸೇರುವಲ್ಲಿ ಗೆದ್ದಲು ಹತ್ತಿದೆಯೋ, ಗೋಡೆ ಹೊಟ್ಟೆ ಬಿಟ್ಟಿದೆಯೋ, ಬಿರುಕಿನಲ್ಲಿ ಅರಳಿ ಚಿಗುರಿದೆಯೋ ನೋಡಿರಿ. ತಳಪಾಯದ ಬುಡದಲ್ಲಿ ನೀರು ನಿಲ್ಲದಂತೆ ಮಾಡಿರಿ. ತಿಳಿದವರನ್ನು ಕರೆತರುತ್ತೇವೆ ಎಂದು ಮಾತು ಕೊಟ್ಟಿದ್ದರೆ ಈ ವರ್ಷವೇ ಕರೆತನ್ನಿರಿ. ನಮ್ಮ ತಡವನ್ನು ಅಣ್ಣನವರು ಕ್ಷಮಿಸಿದರೋ ಇಲ್ಲವೋ ಕೇಳುವ ಅವಕಾಶ ನಮಗೆ ಉಳಿದಿಲ್ಲ.

ಕೆಲಸ ಮುಗಿದ ಮೇಲೂ ಅತ್ತಿಗೆಯವರ ಚಾಪೆ ಅಂಗಳದಲ್ಲಿಯೇ ಇತ್ತು. ನಾವಾಗಲಿ ಅವರ ಮಗನಾಗಲಿ ಒಂದು ಮಾತೂ ಆಡಲಿಲ್ಲ. 2022ರ ಜೂನ್ ತಿಂಗಳಲ್ಲಿ ಮಿರಗದ ಮೊದಲ ಮಳೆ ರಾತ್ರಿ ಒಂಬತ್ತರ ಸುಮಾರಿಗೆ ಹಿಡಿಯಿತು. ನಾವು ಪಡಸಾಲೆಯಲ್ಲಿ ಕುಳಿತಿದ್ದೆವು. ಅವರು ಕಟ್ಟೆಯ ತಗಡಿನ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದು, ಚಾಪೆ ಸುತ್ತಿಕೊಂಡು ಹೊಸ್ತಿಲು ದಾಟಿ ಒಳಗೆ ಬಂದರು. ಮೊದಲನೆಯ ಕಂಬವನ್ನು ಅಂಗೈಯಿಂದ ಒಮ್ಮೆ ಮುಟ್ಟಿ, ತಲೆಯೆತ್ತಿ ಜಂತಿಗಳನ್ನು ನೋಡಿ, ಕಂಬಕ್ಕೂ ಬಾಗಿಲಿಗೂ ನಡುವೆ ಚಾಪೆ ಹಾಸಿದರು. ಬಾಗಿಲು ತೆರೆದಿರಲಿ ಎಂದರು. ತೆರೆದೇ ಇಟ್ಟೆವು.

ಆಮೇಲೆ ಮಳೆಗಾಲಗಳು ಕಳೆದಿವೆ. ಚಾಪೆ ಇಂದಿಗೂ ಅಲ್ಲಿಯೇ ಇದೆ, ಹೊಸ್ತಿಲಿನಿಂದ ಮೂರು ಮೊಳ ಒಳಗೆ. ಅದಕ್ಕಿಂತ ಒಳಗೆ ಬಂದಿಲ್ಲ, ಹೊರಗೂ ಹೋಗಿಲ್ಲ. ಬಾಗಿಲನ್ನು ಮಾತ್ರ ಈಗ ಅವರೇ ಮುಚ್ಚುತ್ತಾರೆ.